ಚಿಕ್ಕಯ್ಯನ ಸಾವಿನ ರಜೆ

ತಾನು ಸತ್ತ ಸುದ್ದಿ ಬಂದಾಗ ಚಿಕ್ಕಯ್ಯ ಜಗಲಿಯ ಮೇಲೆ ಕೂತು ಕುಡುಗೋಲಿಗೆ ಹೊಸ ಹಿಡಿ ಹಾಕುತ್ತಿದ್ದ. ಮಗಳು ಮೇಘನ ಫೋನು ಹಿಡಿದು ಹೊರಗೆ ಬಂದಳು. ಅಪ್ಪನ ಮುಖವನ್ನೊಮ್ಮೆ, ಫೋನನ್ನೊಮ್ಮೆ ನೋಡಿ, ಬಂದ ಸಂದೇಶವನ್ನು ಗಟ್ಟಿಯಾಗಿ ಓದಿದಳು.

‘ಶ್ರೀ ಚಿಕ್ಕಯ್ಯ ಅವರ ನಿಧನಕ್ಕೆ ಕಂಪನಿಯು ತೀವ್ರ ಸಂತಾಪ ಸೂಚಿಸುತ್ತದೆ. ಊರಿಗೆ ಮರಳುವ ಪ್ರಯಾಣದ ವ್ಯವಸ್ಥೆ ಆಗಿದೆ. ಗುರುವಾರ ಬೆಳಿಗ್ಗೆ ಬೆಂಗಳೂರು ವಿಮಾನ ನಿಲ್ದಾಣಕ್ಕೆ ಕುಟುಂಬದವರೊಬ್ಬರು ಬರತಕ್ಕದ್ದು.’

ಚಿಕ್ಕಯ್ಯ ಕುಡುಗೋಲು ಕೆಳಗಿಟ್ಟು, ಕಣ್ಣಲ್ಲಿ ನೀರು ಬರುವಷ್ಟು ನಕ್ಕ. “ಸಾಯಿಸ್ಬುಟ್ಟ ಕಣವ್ವ ನಿಮ್ಮಣ್ಣ. ಕೊನೆಗೂ ನನ್ನ ಸಾಯಿಸ್ಬುಟ್ಟ.”

ನಗುವುದಕ್ಕೆ ಕಾರಣವಿತ್ತು. ಮಗ ಯೋಗೇಶ್ ಪೋಲೆಂಡಿನ ಕಲ್ಲುಗಣಿಗೆ ಹೋಗಿ ಎರಡು ವರ್ಷವಾಗಿತ್ತು. ಮೂರು ವರ್ಷ ತುಂಬುವವರೆಗೆ ಊರಿನ ಮಾತೆತ್ತುವಂತಿಲ್ಲ, ಅಪ್ಪನೋ ಅವ್ವನೋ ಸತ್ತರೆ ಮಾತ್ರ ರಜೆ ಎಂದು ಕರಾರು. ಗೌರಿ ಹಬ್ಬದ ದಿನ ಫೋನಿನಲ್ಲಿ ಮುಖ ತೋರಿಸಿದಾಗ ಅವನು ಇಳಿದುಹೋಗಿದ್ದ. ಅಲ್ಲಿಯ ಬಂಡೆ ಸರಿಯಿಲ್ಲ, ಸಡಿಲವಾದ ಕಡೆಯೇ ನಿಲ್ಲಿಸುತ್ತಾರೆ, ಹೇಳಿದರೆ ಕೇಳುವ ಕಿವಿಯೇ ಇಲ್ಲ ಎಂದಿದ್ದ. “ನಮ್ಮಪ್ಪ ಸತ್ತೋದ ಅಂತ ಹೇಳ್ಬುಟ್ಟು ಬಂದ್ಬುಡ್ಲಾ,” ಎಂದು ಚಿಕ್ಕಯ್ಯನೇ ಹೇಳಿಕೊಟ್ಟಿದ್ದ. ಯೋಗೇಶ್ ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ.

ಆ ವಿದ್ಯೆ ಅವನಿಗೆ ಹೊಸದೇನಲ್ಲ. ಚಿನಕುರಳಿಯ ಕ್ರಷರಿನಲ್ಲಿದ್ದಾಗ ರಜೆಗಾಗಿ ಅಜ್ಜಿಯನ್ನು ಎರಡು ಸಲ ಸಾಯಿಸಿದ್ದ. ಎರಡನೇ ಸಲ ಮಾಲೀಕನೇ ಹಾರ ಹಿಡಿದು ಬಂದ. ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಮುದುಕಿ, ಯಾರಿಗಪ್ಪ ಇದು ಎಂದು ಕೇಳಿ ಇಸಿದುಕೊಂಡು ದೇವರ ಪಟಕ್ಕೆ ಹಾಕಿದಳು.

ಆದರೆ ಹೆಂಡತಿ ಮೂಗಮ್ಮ ನಗಲಿಲ್ಲ. ಬದುಕಿರುವವರ ಹೆಸರಿಗೆ ಸಾವು ಅಂಟಿಸಿದರೆ ಒಳ್ಳೆಯದಾಗುವುದಿಲ್ಲ ಎಂದು ಗೊಣಗಿದಳು. ಅಷ್ಟು ದೂರದವರಿಗೆ ನಿಮ್ಮ ಹೆಸರು ಹೇಗೆ ಗೊತ್ತಾಯಿತು ಎಂದೂ ಕೇಳಿದಳು. ಅಣ್ಣನ ಅರ್ಜಿಯಲ್ಲೇ ಇದೆಯಲ್ಲ ಎಂದಳು ಮೇಘನ. ಅದು ನಿಜ. ಯೋಗೇಶನನ್ನು ಕೆಲಸಕ್ಕೆ ಆರಿಸಿದ್ದು ಫೋನಿನೊಳಗಿನ ಯಂತ್ರ; ಪ್ರಶ್ನೆ ಕೇಳಿದ್ದೂ, ಟಿಕೆಟ್ಟು ಕಳಿಸಿದ್ದೂ ಅದೇ. ಮನೆತನದ ಹೆಸರು ತುಂಬದೆ ಅದು ಮುಂದಿನ ಪುಟವನ್ನೇ ತೆರೆದಿರಲಿಲ್ಲ. ನಮ್ಮ ಕಡೆ ಅದನ್ನು ಎಲ್ಲಿಂದ ತರುವುದು? ಎಲ್ಲರಂತೆ ಅವನೂ ಅಪ್ಪನ ಹೆಸರು ಹಾಕಿದ್ದ.

ಯೋಗೇಶನ ಫೋನು ಮೂರು ದಿನದಿಂದ ಸ್ವಿಚ್ ಆಫ್ ಆಗಿತ್ತು. ಸುಳ್ಳು ಹೇಳಿದ ಮೇಲೆ ಯಾವ ಮುಖ ಇಟ್ಟುಕೊಂಡು ಮಾತಾಡುತ್ತಾನೆ, ಬಂದ ಮೇಲೆ ನೋಡೋಣ ಎಂದು ಚಿಕ್ಕಯ್ಯ ಹೆಂಡತಿಯ ಬಾಯಿ ಮುಚ್ಚಿಸಿದ.

ಮಾರನೆಯ ಮಧ್ಯಾಹ್ನ ಮನೆಯ ಫೋನಿಗೆ ಉದ್ದನೆಯ ನಂಬರಿನಿಂದ ಕರೆ ಬಂತು. ಚಿಕ್ಕಯ್ಯನೇ ಎತ್ತಿದ. ಯಾರೋ ಹೆಂಗಸು. ತಡವರಿಸುತ್ತ ಎರಡು ಸಲ ‘ಚಿಕ್ಕಯ್ಯ’ ಎಂದಳು. ಆಮೇಲೆ ಇಂಗ್ಲಿಷಿನಲ್ಲಿ ಏನೋ ಹೇಳಹೋಗಿ ಅರ್ಧಕ್ಕೇ ನಿಲ್ಲಿಸಿದಳು. ಎರಡು ವರ್ಷದಲ್ಲಿ ಆ ಕಂಪನಿಯಿಂದ ಬಂದ ಮೊದಲ ಮನುಷ್ಯರ ದನಿ ಅದು. ಚಿಕ್ಕಯ್ಯನಿಗೆ ಆಗ ತನ್ನ ತಪ್ಪು ಹೊಳೆಯಿತು. ಸತ್ತವನು ಫೋನು ಎತ್ತಬಾರದಿತ್ತು. ಉಸಿರು ಬಿಡದೆ ಕರೆ ಕತ್ತರಿಸಿದ.

ಅವಳು ಮತ್ತೆ ನಾಲ್ಕು ಸಲ ಮಾಡಿದಳು. ತಾನು ಮಾತಾಡುತ್ತೇನೆಂದು ಕೈ ಚಾಚಿದ ಮೇಘನಳಿಗೆ ಅವನು ಫೋನು ಕೊಡಲಿಲ್ಲ. “ಪರೀಕ್ಷೆ ಮಾಡ್ತಾವ್ರೆ. ನಾನು ಬದುಕಿವ್ನಿ ಅಂತ ಗೊತ್ತಾದ್ರೆ ಮಗಾನ ಅಲ್ಲೇ ತಡೀತಾರೆ.”

ಕರೆಗಳು ನಿಂತವು. ಸಂಜೆ ಯಂತ್ರದ ಸಂದೇಶ ಬಂತು. ‘ಮರಣದ ಬಗ್ಗೆ ಕುಟುಂಬಕ್ಕೆ ಸಂಶಯವಿಲ್ಲ, ಹೆಚ್ಚಿನ ವಿಚಾರಣೆ ಬೇಕಿಲ್ಲ. ಒಪ್ಪಿಗೆಯಿದ್ದಲ್ಲಿ ಒತ್ತಿ.’ ಬರವಣಿಗೆಯಲ್ಲಿ ಸುಳ್ಳು ಕೊಡುವುದು ಬೇಡವೆಂದು ಮೇಘನ ಹಿಂಜರಿದಳು. ವಿಚಾರಣೆ ಎಂಬ ಮಾತು ಕೇಳಿದ್ದೇ ಚಿಕ್ಕಯ್ಯ ಫೋನು ಕಿತ್ತುಕೊಂಡ. ತನ್ನ ಹೆಬ್ಬೆರಳನ್ನೇ ಒತ್ತಿದ. ತನ್ನ ಸಾವಿಗೆ ತಾನೇ ರುಜು ಹಾಕಿದವನು ಪಾಂಡವಪುರ ತಾಲ್ಲೂಕಿನಲ್ಲಿ ಇನ್ನೊಬ್ಬನಿಲ್ಲ ಎಂದು ಆಮೇಲೆ ಹೆಂಡತಿಯ ಮುಂದೆ ಜಂಬ ಕೊಚ್ಚಿಕೊಂಡ.

ಗುರುವಾರ ಮೂಗಮ್ಮ ನಾಟಿಕೋಳಿ ಕೊಯ್ಯಿಸಿದಳು. ಚಿಕ್ಕಯ್ಯ ಒಗೆದ ಪಂಚೆ ಉಟ್ಟು ಬಾಡಿಗೆ ಕಾರಿನಲ್ಲಿ ಹೊರಟ. ಕಂಪನಿಯವರು ಯಾರಾದರೂ ಎದುರಾದರೆ ಏನು ಹೇಳಬೇಕೆಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ. ತಾನು ಚಿಕ್ಕಯ್ಯನಲ್ಲ, ಚಿಕ್ಕಯ್ಯನ ತಮ್ಮ.

ಸಂದೇಶದಲ್ಲಿದ್ದ ಗೇಟು ಜನ ಇಳಿಯುವ ಕಡೆ ಇರಲಿಲ್ಲ. ಅವರಿವರನ್ನು ಕೇಳಿ ಡ್ರೈವರು ಕಾರನ್ನು ಹಿಂಭಾಗಕ್ಕೆ ತಂದ. ಅಲ್ಲಿ ಲಾರಿಗಳು ಸಾಲಾಗಿ ನಿಂತಿದ್ದವು. ಪರದೇಶದಿಂದ ದುಡಿದು ಬರುವವರನ್ನು ಈ ದಾರಿಯಲ್ಲಿ ಬಿಡುತ್ತಾರೇನೋ ಎಂದುಕೊಂಡು ಚಿಕ್ಕಯ್ಯ ಬಾಗಿಲತ್ತಲೇ ನೋಡುತ್ತ ನಿಂತ. ಎರಡು ವರ್ಷದಲ್ಲಿ ಮಗ ಎಷ್ಟು ಬಡವಾಗಿರಬಹುದೋ ಎಂಬ ಆತಂಕ ಒಂದು ಕಡೆ, ಎಷ್ಟು ಹೊತ್ತಿಗೆ ತಬ್ಬಿಕೊಂಡೇನು ಎಂಬ ಆಸೆ ಇನ್ನೊಂದು ಕಡೆ.

ಕಿಟಕಿಯಿಂದ ಗುಮಾಸ್ತನೊಬ್ಬ ಚಿಕ್ಕಯ್ಯನ ಕಡೆಯವರು ಯಾರೆಂದು ಕೂಗಿದ. ಮುಂದೆ ಬಂದವನನ್ನು, ಸತ್ತವರಿಗೆ ನೀವೇನಾಗಬೇಕು ಎಂದು ಕೇಳಿದ.

“ತಮ್ಮ ಸ್ವಾಮಿ,” ಎಂದ ಚಿಕ್ಕಯ್ಯ, ಮುಖವನ್ನು ಆದಷ್ಟು ಸಪ್ಪಗೆ ಮಾಡಿಕೊಂಡು.

ಗುಮಾಸ್ತ ಕಾಗದ ತಿರುವಿ ತಲೆಯಾಡಿಸಿದ. “ತಮ್ಮ ಅಂದ್ರೆ ಆಗಲ್ಲ ಯಜಮಾನ್ರೇ. ಯೋಗೇಶ್ ಚಿಕ್ಕಯ್ಯ ಅವರ ಬಾಡೀನ ಅವರ ತಂದೆ ಕೈಗೇ ಕೊಡ್ಬೇಕು.”