ಹುಲ್ಲಿನೊಳಗಿನ ಹನ್ನೊಂದು

ಹಸುವಿಗೆ ದಾರಿಯ ಮೇವಾಗಲೆಂದು ಒಂದು ಹಿಡಿ ಹುಲ್ಲು ಎಳೆದ ಮಲಕಿಯ ಕೈಗೆ ಮೊಟ್ಟೆ ತಗುಲಿತು. ಕೆಂಡ ಮುಟ್ಟಿದವನಂತೆ ಹಿಂದೆ ಹಾರಿದ.

ಹುಲ್ಲು ಸರಿಸಿದರೆ ಹನ್ನೊಂದು. ಬೇರೆಬೇರೆ ಗಾತ್ರ, ಬೇರೆಬೇರೆ ಬಣ್ಣ. ಒಂದರ ಮೇಲೆ ಕಂದು ಚುಕ್ಕೆ. ಇನ್ನೊಬ್ಬರ ಕೊಟ್ಟಿಗೆಯಲ್ಲಿ ಕದ್ದುಮುಚ್ಚಿ ಮೊಟ್ಟೆ ಹುದುಗಿಸಿದರೆ ಅರ್ಥ ಒಂದೇ: ಕರು ಸಾಯಲಿ, ಕೆಚ್ಚಲು ಬತ್ತಲಿ. ಕ್ಲೇರ್ ಸೀಮೆಯ ಹಸುಗೂಸಿಗೂ ಅದು ಗೊತ್ತು.

ಮಲಕಿ ದೊರೆಯ ಬಂಗಲೆಯ ದನಗಳನ್ನು ನೋಡಿಕೊಳ್ಳುವವನು, ಈ ಹಸುವನ್ನು ಹೊಡೆದೊಯ್ಯಲು ಬಂದಿದ್ದ. ಕೊಟ್ಟಿಗೆಯ ಒಡತಿ ಹನೋರಾಳ ಗಂಡ ಸತ್ತು ಹದಿನೈದು ದಿನ. ಒಕ್ಕಲು ಸತ್ತರೆ ಮನೆಯ ಒಳ್ಳೆಯ ಪಶು ದೊರೆಗೆ ಸೇರಬೇಕು. ಗುತ್ತಿಗೆ ಪತ್ರದಲ್ಲಿ ಹಾಗಿದೆ. ಬರೆಸಿದವನು ದೊರೆ, ಓದು ಬಾರದೆ ಅದರಡಿ ಗೀಟೆಳೆದವನು ಸತ್ತವನು. ಅವನ ಮೂರು ಮಕ್ಕಳ ಹೊಟ್ಟೆಗೆ ಆಲೂಗಡ್ಡೆಯ ಜೊತೆ ಇದ್ದದ್ದು ಈ ಬಿಳಿ ಬೆನ್ನಿನ ಹಸುವಿನ ಹಾಲೊಂದೇ.

ಹನ್ನೊಂದು ಮನೆಗಳ ಊರು ಕೊಟ್ಟಿಗೆಯ ಬಾಗಿಲಲ್ಲಿ ನಿಂತಿತ್ತು. ಒಬ್ಬರ ಮುಖದಲ್ಲೂ ಮರುಕವಿರಲಿಲ್ಲ.

“ಎಂಥಾ ಹಸು. ಎಂಥಾ ಕೆಚ್ಚಲು,” ಎಂದ ಪಕ್ಕದ ಮನೆಯ ಫೀಲಿಮ್.

ಪಶುವನ್ನು ಹೊಗಳಿದವನು ‘ದೇವರು ಚೆನ್ನಾಗಿಡಲಿ’ ಎನ್ನದಿದ್ದರೆ ಕಣ್ಣು ತಾಗುತ್ತದೆ. ಮಲಕಿ ಕಾದ. ಫೀಲಿಮ್ ಬಾಯಿ ಮುಚ್ಚಿಕೊಂಡ. ಅವನ ಹಿಂದಿನವರೂ ಒಬ್ಬೊಬ್ಬರಾಗಿ ಹೊಗಳಿದರು. ಒಬ್ಬರ ಬಾಯಲ್ಲೂ ದೇವರು ಬರಲಿಲ್ಲ. ದೃಷ್ಟಿ ತಾಗದಿರಲೆಂದು ಬಾಲಕ್ಕೆ ಕಟ್ಟಿದ್ದ ಕೆಂಪು ದಾರವನ್ನೂ ಯಾರೋ ಕತ್ತರಿಸಿದ್ದರು.

ಹನೋರಾ ಮೊಟ್ಟೆಗಳನ್ನು ಮಡಿಲಿಗೆ ತುಂಬಿಕೊಂಡಳು. “ಯಾರ ಮನೆ ಕೋಳಿ ಇಟ್ಟಿದ್ದು ಇವು?”

“ಎಲ್ಲರ ಮನೇಲೂ ಕೋಳಿ ಇದಾವಲ್ಲ ತಾಯಿ,” ಎಂದಳು ಮುದುಕಿ ಊನಾ. ಮಲಕಿಯ ಕಡೆ ತಿರುಗಿದಳು. “ಮೊನ್ನೆ ಇದರ ಕೆಚ್ಚಲಿಗೆ ಮೊಲ ಬಾಯಿಟ್ಟಿತ್ತು. ಅದು ಬರೀ ಮೊಲ ಅಲ್ಲ, ಮೊಲದ ರೂಪದಲ್ಲಿ ಬಂದ ಮಾಟಗಾತಿ, ನಿಂಗೂ ಗೊತ್ತು. ಹೊಡ್ಕೊಂಡು ಹೋಗಪ್ಪ. ಪೀಡೆ ಬಂಗಲೆ ಸೇರಲಿ.”

ಬಂಗಲೆಯಲ್ಲಿ ನಲವತ್ತು ಗಬ್ಬದ ಹಸುಗಳಿದ್ದವು. ಒಂದು ಕರು ಸತ್ತರೂ ಮಲಕಿಯ ಚಾಕರಿ ಹೋದಂತೆ.

ಹನೋರಾ ಅವನ ತೋಳು ಹಿಡಿದಳು. “ಕರ್ಕೊಂಡು ಹೋಗು ಮಲಕಿ, ನಿನ್ನ ಕಾಲಿಗೆ ಬೀಳ್ತೀನಿ. ಇದನ್ನ ಇಟ್ಕೊಂಡು ನಾನೇನ್ ಮಾಡ್ಲಿ?”

ಅವನು ತೋಳು ಕೊಡವಿಕೊಂಡ. ಮೂಲೆಯಲ್ಲಿದ್ದ ಕುಂಟು ಮೇಕೆಯ ಹಗ್ಗ ಬಿಚ್ಚಿದ. “ಈ ಮನೇಲಿ ಇದೇ ಒಳ್ಳೆ ಪಶು ಅಂತ ದೊರೆಗೆ ಹೇಳ್ತೀನಿ,” ಎಂದು ಹೊರಟವನು ತಿರುಗಿ ನೋಡಲಿಲ್ಲ.

ಅವನು ಗುಡ್ಡ ದಾಟುವುದನ್ನು ಊರೆಲ್ಲ ನೋಡುತ್ತಾ ನಿಂತಿತು.

ಆಮೇಲೆ ಹನೋರಾ ತನ್ನ ಕಿಸೆಯಿಂದ ಕೆಂಪು ದಾರ ತೆಗೆದು ಹಸುವಿನ ಬಾಲಕ್ಕೆ ಮತ್ತೆ ಕಟ್ಟಿದಳು. ಬುಟ್ಟಿ ಹಿಡಿದು ಮನೆಮನೆಗೆ ಹೋದಳು. ಅವರವರ ಮೊಟ್ಟೆ ಅವರವರ ಕೈಗಿಟ್ಟು, ಅವರು ನುಂಗಿಕೊಂಡಿದ್ದ ಮಾತನ್ನು ಪ್ರತಿ ಬಾಗಿಲಲ್ಲೂ ಹೇಳಿಸಿಕೊಂಡಳು: ದೇವರು ಚೆನ್ನಾಗಿಡಲಿ.

ಹತ್ತು ಮನೆ ಮುಗಿದವು. ಕಂದು ಚುಕ್ಕೆಯ ಹನ್ನೊಂದನೆಯದನ್ನು ಮನೆಗೆ ತಂದು, ಕಾವು ಕೂತಿದ್ದ ತನ್ನ ಕೋಳಿಯ ಹೊಟ್ಟೆಯಡಿಗೆ ತಳ್ಳಿದಳು.