ಸೊಟ್ಟ ಹಲ್ಲಿನ ಬಾಗಿಲು

ಹುಬ್ಬಳ್ಳಿಯಲ್ಲಿ ಈಗ ಯಾರೂ ಕೀಲಿಕೈ ಇಟ್ಟುಕೊಳ್ಳುವುದಿಲ್ಲ. ಚೌಕಟ್ಟಿನ ರಬ್ಬರ್ ಪಟ್ಟಿ ಕಚ್ಚಿದರೆ ಬಾಗಿಲು ಹಲ್ಲಿನ ಗುರುತು ಹಿಡಿದು ತೆರೆಯುತ್ತದೆ. ಜಾರಿ ಬಿದ್ದು ಮುಂದಿನ ಮೂರು ಹಲ್ಲು ಕಳೆದುಕೊಂಡ ನೀಲಗಂಗವ್ವ ತನ್ನ ಮನೆಯ ಬಾಗಿಲು ತೆರೆಯದೆ ಅಂದಿನಿಂದ ತಂಗಿಯ ಮನೆಯಲ್ಲಿದ್ದಳು.

ದವಡೆಗೆ ಹಾಕಿದ ಸ್ಕ್ರೂಗಳು ಎಲುಬಿನಲ್ಲಿ ಗಟ್ಟಿಯಾದ ಮೇಲೆ ಡಾಕ್ಟರು ಅವುಗಳ ಮೇಲೆ ಕೂರಿಸುವ ಕಟ್ಟುಹಲ್ಲಿನ ಬ್ರಿಜ್ ತೋರಿಸಿದರು. ಮೂರೂ ಹಲ್ಲು ಗೆರೆ ಎಳೆದಂತೆ ನೇರವಾಗಿದ್ದವು.

"ನಡುವಿಂದು ಸೊಟ್ಟ ಇರಬೇಕ್ರಿ," ಎಂದು ನೀಲಗಂಗವ್ವ ಹಳೆಯ ಫೋಟೊ ಮುಂದಿಟ್ಟಳು.

"ಬಾಗಿಲಿಗೆ ಹೊಸ ಗುರುತು ಕಲಿಸಬಹುದಲ್ರೀ?"

"ಕಲಿಸಿದ್ರ ಹಳೇದೆಲ್ಲ ಅಳಿಸಿ ಹೋಗ್ತೈತ್ರಿ. ಸೊಟ್ಟನ ಮಾಡ್ರಿ."

ಹೊಸ ಹಲ್ಲಿನಿಂದ ಪಟ್ಟಿ ಕಚ್ಚಿದಾಗ ಬಾಗಿಲು ತೆರೆಯಿತು. ತೀರಿಕೊಂಡ ಗಂಡ ಎಂದೋ ಅದರಲ್ಲಿ ತುಂಬಿಸಿಟ್ಟ ದನಿ ಕೇಳಿತು: "ಸೊಟ್ಟ ಹಲ್ಲಿನಾಕಿ ಬಂದ್ಲು, ದಾರಿ ಬಿಡ್ರಿ."

ಈ ಮಾತಿಗೆ ಅವಳು ದಿನವೂ ಜಗಳ ತೆಗೆಯುತ್ತಿದ್ದಳು.

"ಬಂದೀನಿ, ಸಾಕ ಮಾಡ್ರಿ," ಎಂದು ಬೈದು, ಹೊರಗಿನಿಂದಲೇ ಬಾಗಿಲು ಎಳೆದು ಮುಚ್ಚಿ, ಮತ್ತೊಮ್ಮೆ ಪಟ್ಟಿ ಕಚ್ಚಿದಳು.