ಹಸಿ ಗೆರೆ

ಅಧಿಕಾರಿಯ ಎಡಗೆನ್ನೆ ಬೋಳಿಸಿ ಮುಗಿಯುವಷ್ಟರಲ್ಲಿ ಸಿಪಾಯಿ ಕ್ಷೌರದಂಗಡಿಯ ನೆಲದ ಮೇಲೆ ಅಡ್ಡಲಾಗಿ ಬಿಳಿ ಬಣ್ಣದ ಗೆರೆ ಎಳೆದಿದ್ದ. ಇನ್ನು ಮೇಲೆ ಅದೇ ಎರಡು ದೇಶಗಳ ಗಡಿ. ಕ್ಷೌರಿಕ ಕುರ್ಚಿಯ ಪಕ್ಕ ಈಚೆಗಿದ್ದ. ಅವನ ಮಗಳು ಆಚೆಯ ಒಳಕೋಣೆಯಲ್ಲಿ ಮಲಗಿದ್ದಳು.

“ಸಾರ್, ಮಗು ಒಳಗಿದೆ. ಎತ್ಕೊಂಡು ಬಂದ್ಬಿಡ್ತೀನಿ.”

“ಗೆರೆ ದಾಟಿದೋರಿಗೆ ಗುಂಡು ಹೊಡೀಬೇಕು ಅಂತ ಆರ್ಡರ್ ಇದೆ. ಮೇಲಿನೋರನ್ನ ಕೇಳ್ತೀನಿ. ನೀನು ಮೊದಲು ಕೆಲಸ ಮುಗಿಸು.”

ಕ್ಷೌರಿಕ ಕತ್ತಿಯನ್ನು ಬಲಗೆನ್ನೆಗೆ ತಂದ. “ಸಾರ್, ನಿಮ್ಮ ಕಾಲು ಆಚೆ ಹೋಗಿದೆ,” ಎಂದ ಮೆಲ್ಲಗೆ. ಅಧಿಕಾರಿ ಬೆಚ್ಚಿಬಿದ್ದು ಕಾಲು ಎಳೆದುಕೊಂಡ.

ಅಷ್ಟರಲ್ಲಿ ಒಳಬಾಗಿಲು ಕಿರ್ರೆಂದಿತು. ಮಗಳು ಕಣ್ಣುಜ್ಜಿಕೊಳ್ಳುತ್ತಾ “ಅಪ್ಪಾ” ಎಂದು ನೆಟ್ಟಗೆ ನಡೆದು ಬಂದಳು. ಸಿಪಾಯಿ ಕುಂಚ ಬಿಸಾಡಿ ಹೆಗಲ ಬಂದೂಕು ಎತ್ತಿದ. “ಅಲ್ಲೇ ನಿಲ್ಲು ಪುಟ್ಟೀ!” ಎನ್ನುತ್ತಾ ಕ್ಷೌರಿಕ ಕತ್ತಿ ಕೆಳಗಿಟ್ಟ. ಅವಳ ಬರಿಗಾಲು ಗೆರೆಯ ಮೇಲೆ ಬಿತ್ತು.

“ಇಳಿಸೋ ಬಂದೂಕು!” ಅರ್ಧ ಮುಖದ ನೊರೆಯಲ್ಲೇ ಅಧಿಕಾರಿ ಕೂಗಿದ. “ಬಣ್ಣ ಇನ್ನೂ ಹಸಿ ಇದೆ. ಒಣಗೋ ತನಕ ಅದು ಗಡಿ ಅಲ್ಲ.”

ಸಿಪಾಯಿ ಬಂದೂಕು ಇಳಿಸುವ ಮೊದಲೇ ಕ್ಷೌರಿಕ ಮಗಳನ್ನು ಬಾಚಿ ಎತ್ತಿಕೊಂಡಿದ್ದ.